ಪೂಜೆಗೆ ಕೂತ ಜಾಕಿ

ಅಂಜಿನೀ,

ಆಯುಧಪೂಜೆ ಮಾಡು ಅಂದಿದ್ದು ನಾನೇ. ಅದಕ್ಕೆ ನನ್ನ ಸ್ಪ್ಯಾನರುಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಬೇಕಿತ್ತೇನೇ? ಎಣ್ಣೆಪಸೆ ಹೋಗಿ ಆಗಲೇ ತುಕ್ಕು ಹಿಡೀತಿದೆ. ಹಾಳಾಗಿ ಹೋಗಲಿ ಅಂತ ಸುಮ್ಮನಿದ್ದೆ. ಆದರೆ ಕಾರು ಎತ್ತೋ ಆ ಹಳೇ ಜಾಕಿಯ ಹಲ್ಲುಗಳ ಸಂದಿಗೆಲ್ಲ ಗಂಧ, ಕುಂಕುಮ ಕಲಸಿ ಮೆತ್ತಿದ್ದೀಯಲ್ಲ! ಅದು ಒಣಗಿ ಗಾರೆ ಆಗಿದೆ. ಹಲ್ಲಿಗೆ ಕೊಕ್ಕೆ ಕೂರದೆ, ಇವತ್ತು ಬೆಳಗ್ಗೆ ಪಟೇಲರ ಮುದಿ ಕಾರು ಜಾರಿ ಧಡ್ ಅಂತ ನೆಲಕ್ಕೆ ಬಿತ್ತು. ನಾನು ಬೀಡಿ ಹಚ್ಚೋಕೆ ಅಂತ ಆಗತಾನೇ ಅದರ ಅಡಿಯಿಂದ ಈಚೆಗೆ ಬಂದಿದ್ದೆ. ದಿನಾ ಬೈತೀಯಲ್ಲ, ಇವತ್ತು ಆ ಬೀಡೀನೇ ನನ್ನ ಕಾಪಾಡಿದ್ದು.

ಬಿದ್ದ ಏಟಿಗೆ ಬಗ್ಗಿಹೋದ ಕಾರಿನ ಕಂಬಿ ಎತ್ಕೊಂಡು ದೊಡ್ಡಬಳ್ಳಾಪುರದ ಕುಲುಮೆಗೆ ಹೋಗ್ತಿದ್ದೀನಿ. ಬರೋಷ್ಟರಲ್ಲಿ ಜಾಕಿಯ ಹಲ್ಲನ್ನೆಲ್ಲ ಕಡ್ಡೀಲಿ ಕೆರೆದು ಸೀಮೆಎಣ್ಣೇಲಿ ತೊಳೆದಿಡು. ನೀರು ಸೋಕಿಸಬೇಡ. ದೀಪಕ್ಕೆ ಇಟ್ಟಿರೋ ರೇಷನ್ ಎಣ್ಣೇನೇ ಸುರಿ, ಈ ವಾರ ಕತ್ತಲಲ್ಲೇ ಉಂಡರಾಯಿತು. ಯುದ್ಧದ ಕಾಲದಲ್ಲಿ ಇನ್ನೊಂದು ಜಾಕಿ ಯಾರು ಕೊಡ್ತಾರೆ?

ನನಗೆ ಒಳ್ಳೇದಾಗಲಿ ಅಂತಲೇ ಮೆತ್ತಿದ್ದೀಯ, ಗೊತ್ತು ಕಣೇ. ಆದರೂ ಕೇಳು. ಇನ್ನೊಂದ್ಸಲ ಆ ಜಾಕಿಗೆ ಕುಂಕುಮ ಮೆತ್ತಿದ್ರೆ, ನಿನ್ನ ಹಣೇಲಿರೋ ಕುಂಕುಮ ಉಳಿಯಲ್ಲ.