ಅಂಗೈ ನೀರು

ಒಂಟಿಕೊಪ್ಪಲ್, ಮೈಸೂರು
ಗುರುವಾರ, 14 ಮಾರ್ಚ್ 2024

ಚಿ. ಸೌ. ಲಹರಿಗೆ ಅಮ್ಮನ ಆಶೀರ್ವಾದ.

ಇಲ್ಲೇ ರಾಮಕೃಷ್ಣನಗರದಲ್ಲಿರುವ ಮಗಳಿಗೆ ಕಾಗದ ಯಾಕೆ ಅಂದುಕೊಳ್ಳುತ್ತೀಯ. ಫೋನಿನಲ್ಲಿ ಹೇಳಿದರೆ ನಿಮ್ಮಪ್ಪನಿಗೆ ಕೇಳಿಸುತ್ತದೆ. ಬೆಳಗಿನಿಂದ ಮೂರು ಸಲ ಬರೆಯಲು ಕೂತು ಎದ್ದಿದ್ದೇನೆ.

ಹೋದ ವಾರ ಆಸ್ಪತ್ರೆಯಲ್ಲಿ ನೀನು ಅಪ್ಪನನ್ನು ಬೈದೆಯಲ್ಲ, "ಏನಪ್ಪಾ, ಚಿಕ್ಕ ಮಗೂನಾ ನೀನು? ನೀರು ಕುಡೀಬಾರ್ದು ಅಂತ ಎಷ್ಟು ಸಲ ಹೇಳಿದೀನಿ" ಅಂತ, ಆ ಬೈಗುಳ ನನಗೆ ಸೇರಬೇಕಾದದ್ದು. ನೀರು ಕುಡಿಸಿದವಳು ನಾನು.

ಸ್ಟ್ರೋಕ್ ಆದಮೇಲೆ ಅವರಿಗೆ ಬರಿಯ ನೀರು ಕೊಡುವಂತಿಲ್ಲ, ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ ಅಂತ ಡಾಕ್ಟರು ಹೇಳಿದ್ದು ನಿನಗೂ ಗೊತ್ತು. ಪುಡಿ ಬೆರೆಸಿ ಗಂಜಿಯ ಹಾಗೆ ಗಟ್ಟಿ ಮಾಡಿ ಚಮಚದಲ್ಲಿ ಕೊಡುತ್ತೇನೆ. ಅದನ್ನು ನೀರು ಅಂತ ಅವರು ಒಪ್ಪುವುದಿಲ್ಲ. ಅವರೆದುರು ಕುಡಿಯಲು ಮನಸ್ಸಾಗದೆ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕುಡಿಯುತ್ತೇನೆ.

ನಿನಗೆ ಗೊತ್ತಿಲ್ಲದ್ದು ಬೆಳಗಿನ ಸಂಗತಿ. ನಲವತ್ತು ವರ್ಷ ಒಂದು ದಿನವೂ ಸಂಧ್ಯಾವಂದನೆ ತಪ್ಪಿಸದವರು. ಈಗ ಮಂತ್ರ ನಾಲಿಗೆಗೆ ಬರುವುದಿಲ್ಲ, ಬಲಗೈ ಏಳುವುದಿಲ್ಲ. ಆದರೂ ಏಳು ಗಂಟೆಯಾದರೆ ಆಚಮನದ ನೀರಿಗೆ ಎಡಗೈಯನ್ನೇ ಬಟ್ಟಲು ಮಾಡಿ ಚಾಚುತ್ತಾರೆ. ಎಡಗೈಯಲ್ಲಿ ಪ್ರಸಾದ ತೆಗೆದುಕೊಂಡರೆ ನಿನ್ನನ್ನು ಗದರುತ್ತಿದ್ದವರು! ಅವರ ಪಂಚಪಾತ್ರೆ ತೊಳೆಯುವಾಗ ನಾನೆಷ್ಟು ಗೊಣಗಿದ್ದೇನೆ, "ನಲ್ಲಿ ನೀರಿಗೆ ಮಂತ್ರ ಹೇಳ್ಬಿಟ್ರೆ ಗಂಗೆ ಆಗ್ಬಿಡತ್ತೇನ್ರೀ?" ಅಂತ.

ಹೋದ ವಾರ ಸೋಮವಾರ, ಆ ಕೈ ನೋಡಲಾಗದೆ, ಪೂಜೆಯ ಚಮಚದಲ್ಲಿ ಎರಡು ಸಲ ನೀರು ಬಾಯಿಗೆ ಹಾಕಿದೆ. ಕೆಮ್ಮಿ ಕೆಮ್ಮಿ ಮುಖ ಕೆಂಪಾಯಿತು, ಸಂಜೆಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು "ಯಾರ್ರೀ ನೀರು ಕೊಟ್ಟಿದ್ದು?" ಅಂದಾಗ ನಿಮ್ಮಪ್ಪ ಎಡಗೈ ಎತ್ತಿ ತಮ್ಮ ಎದೆ ತಟ್ಟಿಕೊಂಡರು. ನನ್ನ ಕಡೆ ನೋಡಲೂ ಇಲ್ಲ. ನಾನು ಸುಮ್ಮನಿದ್ದುಬಿಟ್ಟೆ. ಆಮೇಲೆ ನೀನು ಬಂದು ಅವರನ್ನು ಬೈದಾಗಲೂ ಸುಮ್ಮನಿದ್ದೆ.

ಮೊನ್ನೆ ಮನೆಗೆ ಬಂದೆವು. ನಿನ್ನೆ ಬೆಳಿಗ್ಗೆ ಮತ್ತೆ ಅದೇ ಕೈ. "ಬಾಯಿಗೆ ಬೇಡ ಕಣ್ರೀ, ಕೈಯಲ್ಲಿ ಮಾತ್ರ" ಅಂತ ಹೇಳಿ, ಮಣಿಕಟ್ಟು ಹಿಡಿದುಕೊಂಡೇ ಒಂದು ಚಮಚ ಬಿಟ್ಟೆ. ಅವರು ಆ ನೀರನ್ನೇ ನೋಡುತ್ತ ಕೂತರು. ಆಮೇಲೆ ಕೈ ಮೇಲೆದ್ದಿತು. ನಾನು ಹೆದರಿ ಬಿಗಿಯಾಗಿ ಹಿಡಿದೆ. ಅದು ಅವರ ಬಾಯಿಯ ಕಡೆಗೆ ಹೋಗುತ್ತಿರಲಿಲ್ಲ ಲಹರಿ, ನನ್ನ ಕಡೆಗೆ ಬರುತ್ತಿತ್ತು. ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಬಾಗಿ ಕುಡಿದೆ. ನಾನು ನುಂಗಿದಾಗ ಅವರ ಗಂಟಲೂ ಒಮ್ಮೆ ಅಲುಗಿತು.

ನಮ್ಮ ನಲ್ಲಿಯದೇ ನೀರು, ಅದೇ ಕ್ಲೋರಿನ್ ವಾಸನೆ. ಆದರೆ ಕುಡಿದಾಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಇವತ್ತು ಬಿಂದಿಗೆ ತುಂಬಲು ನಲ್ಲಿ ತಿರುಗಿಸಿದವಳು ಹಾಗೇ ನಿಂತುಬಿಟ್ಟೆ. ಕೈ ಮುಗಿಯಬೇಕು ಅನ್ನಿಸಿತು. ನೀರಿಗೋ, ಅವರಿಗೋ, ತಿಳಿಯಲಿಲ್ಲ. ಬಿಂದಿಗೆ ತುಂಬಿ ಹರಿದು ಕಾಲು ನೆನೆದಾಗ ಎಚ್ಚರವಾಯಿತು.

ನಾಳೆ ಡಾಕ್ಟರಿಗೆ ನಾನೇ ನಿಜ ಹೇಳುತ್ತೇನೆ. ಭಾನುವಾರ ನೀನು ಬಂದಾಗ ಅಪ್ಪನ ಪಕ್ಕ ಸ್ವಲ್ಪ ಹೊತ್ತು ಕೂತುಕೋ.

ನಿನ್ನ ಅಮ್ಮ,
ಅಂಬುಜಾ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ಆ ಕೈ ನೋಡಲಾಗದೆ ಕೊಟ್ಟೆ ಅಂತ ಬರೆದೆನಲ್ಲ, ಅದು ನಿಜವಲ್ಲ. ಆವತ್ತು ಹಾಲು ಉಕ್ಕಿ ಒಲೆ ಆರಿತ್ತು, ಹಾಸಿಗೆ ಎರಡನೇ ಸಲ ಒದ್ದೆಯಾಗಿತ್ತು, ಚಾಚಿದ ಕೈ ಕೆಳಗಿಳಿಯುತ್ತಲೇ ಇರಲಿಲ್ಲ. "ತೊಗೊಳ್ಳಿ, ಕುಡಿದು ಸತ್ತುಹೋಗಿ" ಅಂದೆ. ಅದನ್ನು ಕೇಳಿಸಿಕೊಂಡೇ ಅವರು ಬಾಯಿ ತೆರೆದರು.