ಸಕ್ಕರೆ ತಿನ್ನದ ಹೃದಯ

ಮಾರ್ಚ್ ೧೪

ಮುದ್ದಿನ ಗುಬ್ಬಿ,

ನಿನ್ನ ಎರಡು ಪತ್ರಗಳೂ ಮೇಜಿನ ಮೇಲೆ ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿವೆ. ತಡವಾಯಿತು, ಬೈದುಕೋ, ಒಂದೇ ಸಲ ಬೈದು ಮುಗಿಸು. ಹದಿನೈದು ದಿನದಿಂದ ನಮಗೆ ಆಸ್ಪತ್ರೆಯೇ ಮನೆ.

ನಿನ್ನ ಭಾವನ ಹೃದಯದ ಮುಂಭಾಗ ಎಂದೋ ಪೆಟ್ಟು ತಿಂದಿದೆಯಂತೆ. ಅಲ್ಲಿ ಜೀವ ಉಳಿದಿದ್ದರೆ ಬೈಪಾಸ್, ಇಲ್ಲದಿದ್ದರೆ ಕೊಯ್ದೂ ಪ್ರಯೋಜನವಿಲ್ಲ. ಅದನ್ನು ತಿಳಿಯಲು ಪೆಟ್ ಸ್ಕ್ಯಾನ್. ವಿಕಿರಣ ಬೆರೆತ ಸಕ್ಕರೆಯನ್ನು ಸೂಜಿಯಲ್ಲಿ ಕೊಡುತ್ತಾರೆ. ಬದುಕಿರುವ ಸ್ನಾಯು ಅದನ್ನು ತಿಂದು ಚಿತ್ರದಲ್ಲಿ ಹೊಳೆಯುತ್ತದೆ, ಸತ್ತದ್ದು ಕಪ್ಪಗೆ ಉಳಿಯುತ್ತದೆ.

"ಹತ್ತೊಂಬತ್ತು ವರ್ಷದಿಂದ ನೀನು ಕೊಡದೇ ಇರೋದನ್ನ ಇವರು ಚುಚ್ಚಿ ಕೊಡ್ತಾರಂತೆ," ಅಂದರು ನಿನ್ನ ಭಾವ. "ನಮ್ಮನೇಲಿ ಸಕ್ಕರೇನೂ ಇಲ್ಲ, ಅಕ್ಕರೇನೂ ಇಲ್ಲ."

ಜೊತೆಗಿದ್ದ ನಾದಿನಿ ಬಿಡುತ್ತಾಳೆಯೇ? "ಅತ್ತಿಗೆ, ಕಾಯಿಲೆಗಿಂತ ಮುಂಚೆ ನಿಮ್ಮ ಪಥ್ಯಾನೇ ನಮ್ಮಣ್ಣನ್ನ ಮುಗಿಸತ್ತೆ, ನೋಡ್ತಿರಿ."

ಮೊನ್ನೆ ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು: ಮುಂಭಾಗವೆಲ್ಲ ಕಪ್ಪು. "ಇಲ್ಲೇನೂ ಉಳಿದಿಲ್ಲಮ್ಮ. ಆಪರೇಷನ್ ಬೇಡ. ಇರೋಷ್ಟು ದಿನ ನೆಮ್ಮದಿಯಾಗಿರಲಿ."

"ಹೃದಯ ಇಲ್ದೋನು ಅಂತ ನೀನು ಬೈತಿದ್ದದ್ದು ಸರಿ ಕಣೇ," ಅಂದರು ನಿನ್ನ ಭಾವ. "ಈಗ ಫೋಟೋ ಬೇರೆ ಇದೆ." ಮನೆಗೆ ಬಂದವರು ಬಗ್ಗಿ ಚಪ್ಪಲಿ ಬಿಚ್ಚಲಾರದೆ ಬಾಗಿಲಲ್ಲೇ ಕೂತರು. ನಾನೇ ಬಿಚ್ಚಿದೆ.

ಮಕ್ಕಳ ಪರೀಕ್ಷೆ ಮುಗಿಸಿಕೊಂಡೇ ಬಾ. ಅಷ್ಟು ದಿನ ಇರುತ್ತಾರೆ ಅಂತ ಡಾಕ್ಟರು ಒಪ್ಪಿದ್ದಾರೆ. ಮಕ್ಕಳಿಗೆ ಒಳ್ಳೆಯದಾಗಲಿ, ನಿನ್ನ ಸಂಸಾರ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ಸ್ಕ್ಯಾನಿಗೆ ಮುಂಚೆ ನರ್ಸ್ ಒಂದು ದೊಡ್ಡ ಲೋಟ ಗ್ಲೂಕೋಸ್ ನೀರು ಕೊಟ್ಟು, ಕುಡಿಸಿ ಎಂದು ಹೇಳಿ ಹೋಗಿದ್ದಳು. ಸಕ್ಕರೆ ಕಾಯಿಲೆಯವರಿಗೆ ಗ್ಲೂಕೋಸೇ? ಇವರು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಅದನ್ನು ಸಿಂಕಿಗೆ ಸುರಿದು ನಲ್ಲಿ ನೀರು ತುಂಬಿಟ್ಟೆ. ಸುಮ್ಮನೆ ಕುಡಿದರು. ನಾನು ಕೊಟ್ಟದ್ದು ಸಪ್ಪೆಯಾಗಿರುವುದು ಅವರಿಗೆ ಅಭ್ಯಾಸ.

ಸ್ಕ್ಯಾನ್ ಮಾಡಿದವನ ಫೋನ್ ಇವತ್ತು ಬಂತು. "ಮೇಡಂ, ಚಿತ್ರ ಯಾಕೋ ಎಲ್ಲಾ ಕಡೇನೂ ಮಂಕಾಗಿದೆ. ಸರ್ ಗ್ಲೂಕೋಸ್ ಪೂರ್ತಿ ಕುಡಿದಿದ್ರಾ? ಕುಡೀದಿದ್ರೆ ಹೃದಯ ಸಕ್ಕರೆ ತಗೊಳ್ಳಲ್ಲ, ಜೀವ ಇರೋ ಜಾಗಾನೂ ಸತ್ತ ಹಾಗೇ ಕಾಣತ್ತೆ. ಹಾಗಿದ್ರೆ ಹೇಳಿ, ಇನ್ನೊಂದ್ಸಲ ಮಾಡೋಣ."

ನಾದಿನಿ ಎದುರಿಗೇ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಪೂರ್ತಿ ಕುಡಿದ್ರು," ಅಂದೆ.