ಅಮ್ಮನ ಕೆಂಪು

ನವೆಂಬರ್ ೧೨, ಬುಧವಾರ

ಮಗಳು ಇವತ್ತು ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡಿಕೊಂಡಳು. ಅದು ಕಣ್ಣಿನಿಂದ ಮರೆಯಾಗುತ್ತಿಲ್ಲ.

ಅಮ್ಮ ಹಾಗೆಯೇ ಮಾಡುತ್ತಿದ್ದಳು. ಬೆಳ್ಳಿಗೆ ಎನಾಮೆಲ್ ತುಂಬುತ್ತ ಕೂತರೆ ಕುಂಚ ದಿನವಿಡೀ ಬಾಯಿಗೆ ಹೋಗಿ ಬರುತ್ತಿತ್ತು. ಎನಾಮೆಲ್ ಅಂದರೆ ಗಾಜಿನ ಪುಡಿಯಷ್ಟೇ: ಮರಳು, ಬಿಳಿಗಾರ, ನೀಲಿಗೆ ಕೋಬಾಲ್ಟ್, ಹಸಿರಿಗೆ ತಾಮ್ರ, ಕೆಂಪಿಗೆ ಚಿಟಿಕೆ ಚಿನ್ನ. ಆಗ ಹೊಳಪಿಗೆ ಸೀಸವನ್ನೂ ಹಾಕುತ್ತಿದ್ದರು. ಆ ಸೀಸವೇ ಅವಳನ್ನು ತಿಂದಿತು. ಕೊನೆಕೊನೆಗೆ ಮುಂಗೈ ಜೋತುಬಿದ್ದು ಕುಂಚವಿರಲಿ, ಲೋಟ ಎತ್ತುವುದೂ ಆಗುತ್ತಿರಲಿಲ್ಲ.

ಮಗಳು ಅವಳನ್ನು ನೋಡಿದವಳೇ ಅಲ್ಲ. ನಾನಂತೂ ಕುಂಚವನ್ನು ಬಾಯಿಯ ಹತ್ತಿರ ತಂದವಳಲ್ಲ.

"ಯಾರೇ ಕಲಿಸಿದ್ದು ಇದನ್ನ?"

"ಯಾರೂ ಇಲ್ಲಮ್ಮ. ಹೀಗೆ ಮಾಡಿದ್ರೆ ತುದಿ ಚೆನ್ನಾಗಿ ಕೂರತ್ತೆ. ಈಗಿನ ಪುಡೀಲಿ ಸೀಸ ಎಲ್ಲಿರತ್ತೆ? ಸುಮ್ನೆ ಹೆದರ್ತೀಯ."

ಮಾತು ಸರಿಯೇ. ಅಷ್ಟರಲ್ಲಿ ಕುಲುಮೆಯಿಂದ ಅವಳ ಮೊದಲ ಬಿಲ್ಲೆ ಹೊರಬಂತು. ತಣ್ಣಗಾಗುತ್ತ ಬಂದಂತೆ ಬಣ್ಣ ಎದ್ದಿತು. ಅಂಥ ಕೆಂಪು ನನ್ನ ಕೈಯಲ್ಲಿ ಒಮ್ಮೆಯೂ ಬಂದಿಲ್ಲ.

"ಈ ಪುಡಿ ಎಲ್ಲಿತ್ತು?"

"ಮೇಲಿನ ಕಪಾಟಲ್ಲಿ, ಹಿಂದೆ. ವಾರದಿಂದ ಅದರಲ್ಲೇ ಅಭ್ಯಾಸ ಮಾಡ್ತಿದೀನಿ. ಯಾಕೆ?"

ಅಮ್ಮನ ಕಾಲದ ಪುಡಿ, ಸೀಸ ಬೆರೆತದ್ದು, ಅವಳದೇ ಬಾಟಲಿ. ಎಸೆಯಲು ಮನಸ್ಸು ಬಾರದೆ ನಾನೇ ಹಿಂದಕ್ಕೆ ತಳ್ಳಿಟ್ಟದ್ದು. ಬಾಯಿ ತೊಳೆಸಿದೆ, ಮತ್ತೆ ತೊಳೆಸಿದೆ. ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ಈಗಷ್ಟೇ ಹೋಗಿ ನೋಡಿ ಬಂದೆ. ನಿದ್ದೆಯಲ್ಲಿ ಅವಳ ಮುಂಗೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಎತ್ತಿ ಮೇಲಿಟ್ಟೆ.

ಮತ್ತೆ ಜಾರಿತು.